ಮರ ಕಾನೂನು ಮನವಿ: ಬರೆಯುವ ಮುಂಚೆ ಓದಿ

ಸದಸ್ಯರ ಗಮನಕ್ಕೆ,

ಮೂಡಿಗೆರೆ, ಸಕಲೇಶಪುರ ಕಡೆಯ ಬೆಳೆಗಾರರು ಮರ ಕಡಿಯುವ, ಸಾಗಿಸುವ ಕಾನೂನಿನ ಬಗ್ಗೆ ಸಲ್ಲಿಸುವ ಮನವಿಯಲ್ಲಿ ‘ಕಾನೂನು ಸಡಿಲಿಸಿ’ ಎಂದಷ್ಟೇ ಬರೆದರೆ ಅದು ಕಡತ ಸೇರುತ್ತದೆ, ಅಷ್ಟೇ. ಯಾವ ಮರ, ಯಾವ ಕಲಂ, ಎಲ್ಲಿ ತೊಡಕು ಎಂದು ಬಿಡಿಸಿ ಬರೆಯಿರಿ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ 8ನೇ ಕಲಂ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್‌ಗೆ ವಿನಾಯಿತಿ ಇದೆ, ಬೀಟೆಗೆ (ರೋಸ್‌ವುಡ್) ಇಲ್ಲ. ಕಳ್ಳರಿಗೆ ಅನುಕೂಲವಾಗುವುದು ಇದೇ ಸಂದು: ಲಾರಿಯಲ್ಲಿ ಮೇಲೆ ಓಕ್, ಅಡಿಯಲ್ಲಿ ಬೀಟೆ. ಕೊಯ್ದ ತುದಿ ನೋಡಿದರೆ ಬೀಟೆಯ ನೇರಳೆಗಪ್ಪು ಗೆರೆ ಥಟ್ಟನೆ ಕಾಣುತ್ತದೆ. ಆದರೆ ಮಳೆಗಾಲದ ರಾತ್ರಿ ಟಾರ್ಪಾಲು ಬಿಚ್ಚಿಸುವವರು ಯಾರು?

ಪ್ರಾಮಾಣಿಕರು ಸಿಕ್ಕಿಬೀಳುವುದು ಅಳತೆಯಲ್ಲಿ. ದಿಮ್ಮಿಯ ಉದ್ದ, ಸುತ್ತಳತೆ ಬರೆಸಿ ರಹದಾರಿ (ಸಾಗಣೆ ಪರವಾನಗಿ) ಪಡೆದ ಮೇಲೆ, ಲಾರಿಗೆ ಹಿಡಿಸಲಿಲ್ಲವೆಂದು ಒಂದಡಿ ಕತ್ತರಿಸಿದರೆ ಪಟ್ಟಿಗೂ ಸರಕಿಗೂ ತಾಳೆಯಾಗದು. ಸ್ಥಳದಲ್ಲೇ ತಿದ್ದುಪಡಿಗೆ ಅವಕಾಶ ಕೇಳಿ.

ಬೀಟೆ 2017ರ ಜನವರಿ 2ರಿಂದ ಸೈಟೀಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿದೆ; ರಫ್ತಿಗೆ ಅದರ ಕಾಗದವೂ ಬೇಕು.

ಯುರೋಪಿಯನ್ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮ ನಾಟಾಕ್ಕೆ (ಮರಮುಟ್ಟು) ಮಾತ್ರವಲ್ಲ, ಕಾಫಿಗೂ ಅನ್ವಯ. ಅಲ್ಲಿಗೆ ಹೋಗುವ ಸರಕು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ್ದಾಗಿರಬಾರದು. 4 ಹೆಕ್ಟೇರ್‌ಗಿಂತ ದೊಡ್ಡ ತೋಟಕ್ಕೆ ಒಂದು ಬಿಂದು ಸಾಲದು, ಗಡಿಯನ್ನೇ ಗುರುತಿಸಬೇಕು. ಅಕ್ಷಾಂಶ, ರೇಖಾಂಶಗಳಿಗೆ ದಶಮಾಂಶದ ನಂತರ 6 ಅಂಕಿ. ಜಂಟಿ ಖಾತೆಯ ಪಹಣಿ ಇದ್ದವರು ಮೊದಲು ಪೋಡಿ (ಅಳತೆ ಮಾಡಿಸಿ ತಮ್ಮ ಪಾಲು ಬೇರೆ ಮಾಡುವುದು) ಮಾಡಿಸಿಕೊಳ್ಳುವುದು ಒಳ್ಳೆಯದು.

ಇಂಥ ಮೂಲ ತಪಾಸಣೆ ನಮ್ಮ ಆಮದು ನಾಟಾಕ್ಕೂ ಬರಲಿ ಎಂಬ ಸಾಲನ್ನು ಬಿಡಬೇಡಿ. ಕರಡನ್ನು ಸರ್ವೆ ನಂಬರ್ ಸಮೇತ ಪಿಡಿಎಫ್ ಮಾಡಿ ಈ ಗುಂಪಿಗೇ ಹಾಕಿ. ಧ್ವನಿ ಸಂದೇಶ ಬೇಡ.