ಸುಮಾಗೆ, ಎಂಟು ಅಂಕಿಯ ವಿಷಯವಾಗಿ

ಚಿ. ಸುಮಾಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಕಸ್ಟಮ್ಸ್ ಬ್ರೋಕರ್ ಆಫೀಸಿನಲ್ಲಿ ಆಮದು ಮಾಲಿಗೆ ಎಂಟು ಅಂಕಿಯ ಕೋಡ್ ಹಾಕುವ ಕೆಲಸ ನಿನಗೆ ಹಿಡಿಸಿದೆ ಅಂತ ಓದಿ ಖುಷಿಯಾಯಿತು. "ಮಾಲಿನ ಸರಿಯಾದ ಕೋಡು, 'ಇತರೆ' ಕೋಡು ಎರಡಕ್ಕೂ ಡ್ಯೂಟಿ (ಆಮದು ಸುಂಕ) ಒಂದೇ ತಾನೆ, ಸುಮ್ನೆ 'ಇತರೆ'ಗೆ ಹಾಕು ಅಂತಾರೆ, ಏನು ಮಾಡಲಿ?" ಎಂದು ಕೇಳಿದ್ದೀಯ. ಹಾಕಬೇಡ ಮಗಳೇ.

ಡ್ಯೂಟಿ ಬೇರೆ ಬೇರೆ ಇದ್ದರೆ ತಪ್ಪು ಕೋಡನ್ನು ಯಾರಾದರೂ ಹಿಡಿಯುತ್ತಾರೆ. ಕಸ್ಟಮ್ಸ್‌ನವರು ಕೇಳುತ್ತಾರೆ, ಇಂಪೋರ್ಟರ್ ವಾದಕ್ಕೆ ಬರುತ್ತಾನೆ. ಡ್ಯೂಟಿ ಒಂದೇ ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಂಕಿಅಂಶ ಜಾಸ್ತಿ ಕೆಡುವುದು ಅಲ್ಲೇ. 2011ರಿಂದ ನಮ್ಮಲ್ಲಿ ಸೆಲ್ಫ್ ಅಸೆಸ್‌ಮೆಂಟ್ ಇದೆ, ಅಂದರೆ ಕೋಡು, ಸುಂಕ ಎರಡನ್ನೂ ಇಂಪೋರ್ಟರ್ ಕಡೆಯವರೇ ಲೆಕ್ಕ ಹಾಕಿ ಬರೆಯುವುದು. ಬಿಲ್ ಆಫ್ ಎಂಟ್ರಿಯಲ್ಲಿ (ಆಮದು ಮಾಲಿಗಾಗಿ ಕಸ್ಟಮ್ಸ್‌ಗೆ ಕೊಡುವ ಘೋಷಣಾ ಪತ್ರದಲ್ಲಿ) ನೀನು ತುಂಬಿದ ಎಂಟು ಅಂಕಿಯೇ, ವ್ಯಾಪಾರದ ಅಂಕಿಅಂಶ ಕೂಡಿಸುವ ಕೋಲ್ಕತ್ತದ ಡಿಜಿಸಿಐಎಸ್ ಕಚೇರಿ ಸೇರಿ ದೇಶದ ಆಮದಿನ ಲೆಕ್ಕವಾಗುತ್ತದೆ. ಮೊದಲ ಆರು ಅಂಕಿ ಎಚ್‌ಎಸ್ ಎಂಬ ಅಂತರರಾಷ್ಟ್ರೀಯ ಕೋಡ್ ಪಟ್ಟಿ ಒಪ್ಪಿದ ದೇಶಗಳಿಗೆಲ್ಲ ಒಂದೇ, ಕೊನೆಯ ಎರಡು ನಮ್ಮವು.

ಸೋಲಾರ್ ಸಾಮಾನನ್ನೇ ನೋಡು. 2022ಕ್ಕೆ ಮುಂಚೆ ಆರು ಅಂಕಿಯ ಮಟ್ಟದಲ್ಲಿ ಎಲ್‌ಇಡಿ, ಸೋಲಾರ್ ಸೆಲ್, ಸೋಲಾರ್ ಪ್ಯಾನೆಲ್ ಎಲ್ಲವೂ 8541.40ರಲ್ಲೇ ಇದ್ದವು. ಒಂದು ದೇಶ ಸೆಲ್ ತರಿಸಿ ಪ್ಯಾನೆಲ್ ಜೋಡಿಸುತ್ತಿದೆಯಾ, ಸಿದ್ಧ ಪ್ಯಾನೆಲ್ಲನ್ನೇ ತರಿಸುತ್ತಿದೆಯಾ ಅಂತ ಆ ಒಂದು ಮೊತ್ತದಿಂದ ಹೇಳುವುದು ಹೇಗೆ? 2022ರ ಪರಿಷ್ಕರಣೆಯಲ್ಲಿ ಎಲ್‌ಇಡಿಗೆ 8541.41, ಸೆಲ್‌ಗೆ 8541.42, ಪ್ಯಾನೆಲ್‌ಗೆ 8541.43 ಬಂತು. ಇಷ್ಟು ಕಷ್ಟಪಟ್ಟು ಬಿಡಿಸಿಟ್ಟಿದ್ದನ್ನು ನಾವು ಅವಸರದಲ್ಲಿ ಮತ್ತೆ ಕಲಸಿಬಿಟ್ಟರೆ, ಇಲ್ಲಿ ಕಾರ್ಖಾನೆ ಹಾಕಬೇಕೆಂದು ಲೆಕ್ಕ ನೋಡುವವನಿಗೆ ಮೋಸ ಮಾಡಿದಂತೆ ಅಲ್ವಾ?

ಕೋಡ್ ಪಟ್ಟಿಯ ಅಧ್ಯಾಯದ ಹೆಸರು ನೋಡಿ ನಿರ್ಧಾರ ಮಾಡಬೇಡ. ಫ್ಯಾನು, ಮಿಕ್ಸಿ ಎರಡೂ ಕರೆಂಟಿನವೇ. ಆದರೂ ಫ್ಯಾನು ಯಂತ್ರಗಳ 84ನೇ ಅಧ್ಯಾಯದ 8414ಕ್ಕೆ, ಮಿಕ್ಸಿ ವಿದ್ಯುತ್ ಸಾಮಾನಿನ 85ನೇ ಅಧ್ಯಾಯದ 8509ಕ್ಕೆ ಹೋಗುತ್ತದೆ. ಹೆಡಿಂಗಿನ (ನಾಲ್ಕು ಅಂಕಿಯ ಶೀರ್ಷಿಕೆಯ) ಮಾತುಗಳು, ಸೆಕ್ಷನ್ (ಅಧ್ಯಾಯಗಳ ಗುಂಪು) ನೋಟ್, ಚಾಪ್ಟರ್ ನೋಟ್ ಇವೇ ಮುಖ್ಯ. ಪ್ರಮಾಣದ ಕಾಲಮ್ಮನ್ನೂ ಎರಡು ಸಲ ನೋಡು. ಕೆಜಿ ಕೇಳಿದ ಕಡೆ ನಗ ತುಂಬಿದರೆ ಸರಾಸರಿ ಬೆಲೆ ಎಲ್ಲಿಗೋ ಹೋಗಿಬಿಡುತ್ತದೆ.

ಇನ್ನು ನಿನ್ನ ಸೋಮವಾರದ ಮಾಲು. ಇನ್‌ವಾಯ್ಸ್‌ನಲ್ಲಿ "ಮೆಷಿನ್ ಪಾರ್ಟ್ಸ್" ಅಂತ ಮಾತ್ರ ಇದೆ ಅಂದೆ. ಅಷ್ಟು ಸಾಲದು. ಇಂಪೋರ್ಟರ್ ಹತ್ತಿರ ಕ್ಯಾಟಲಾಗ್ ತರಿಸು, ಯಾವ ಯಂತ್ರಕ್ಕೆ ಅಂತ ಕೇಳು. ಅದರಲ್ಲಿ ಬಾಲ್ ಬೇರಿಂಗ್ ಇದ್ದರೆ, ಅದು ಯಾವ ಯಂತ್ರಕ್ಕೇ ಹೋಗಲಿ, 8482ಕ್ಕೇ ಸೇರುತ್ತದೆ. ಮೋಟಾರಾದರೆ 8501. ಹದಿನಾರನೇ ಸೆಕ್ಷನ್ನಿನ ಎರಡನೇ ನೋಟ್ ನಿಧಾನವಾಗಿ ಓದು, ನಿನಗೇ ತಿಳಿಯುತ್ತದೆ. ಕೇಳಿದ್ದನ್ನೆಲ್ಲ ಮೇಲ್‌ನಲ್ಲೇ ಕೇಳು, ನಾಳೆ ಯಾರಾದರೂ ಪ್ರಶ್ನಿಸಿದರೆ ನಿನ್ನ ಹತ್ತಿರ ಕಾಗದ ಇರುತ್ತದೆ. ಮೇಲಿನವರು ಬೈದರೆ ಮರುಮಾತಾಡಬೇಡ, ನೋಟ್ ತೆಗೆದು ತೋರಿಸು.

ಕ್ಯಾಟಲಾಗ್ ಬಂದ ಮೇಲೂ ಗೊತ್ತಾಗದಿದ್ದರೆ ಫೋಟೋ ಕಳಿಸಿ ಫೋನ್ ಮಾಡು. ಊಟ ಆದಮೇಲೆ ಮಾಡು, ಕೂತು ನೋಡೋಣ.

ಇತಿ ನಿನ್ನ ದೊಡ್ಡಪ್ಪ