ಫೋಟೊ ಕೆಳಗೆ ಹೆಸರು ಹಾಕಿ

ಸಂಪಾದಕರೇ, ನಮಸ್ಕಾರ.

ನಿಮ್ಮ ಹುಬ್ಬಳ್ಳಿ-ಧಾರವಾಡ ಪುಟದಲ್ಲಿ ಫೋಟೊಗಳು ಚೆನ್ನಾಗಿಯೇ ಬರುತ್ತವೆ. ಆದರೆ ಎಷ್ಟೋ ಸಲ ತೆಗೆದವರು ಯಾರು ಅಂತ ಇರೋದೇ ಇಲ್ಲ. ಸಣ್ಣ ವಿಷಯ ಅನ್ನಬೇಡಿ. ಹೋಮೈ ವ್ಯಾರಾವಾಲಾ ಅವರಿಗೆ ಇದೇ ಆಗಿತ್ತು.

ಭಾರತದ ಮೊದಲ ಮಹಿಳಾ ಪ್ರೆಸ್ ಫೋಟೊಗ್ರಾಫರ್ ಎಂದು ಹೆಸರಾದವರು ಅವರು. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿ, ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಓದಿದರು. (ಆಗ ನಮ್ಮ ಧಾರವಾಡವೂ ಮುಂಬೈ ಪ್ರಾಂತ್ಯದಲ್ಲೇ ಇತ್ತು ನೋಡಿ.) ಮೊದಮೊದಲು ಅವರು ತೆಗೆದ ಫೋಟೊಗಳು ಅಚ್ಚಾದದ್ದು ಗಂಡ ಮಾಣೆಕ್‌ಶಾ ಹೆಸರಿನಲ್ಲಿ! ಆಮೇಲೆ 'ಡಾಲ್ಡಾ 13' ಎಂದು ಅಡ್ಡಹೆಸರು ಇಟ್ಟುಕೊಂಡರು. ಹುಟ್ಟಿದ ವರ್ಷ 13, ಗಂಡನ ಪರಿಚಯವಾದಾಗ ವಯಸ್ಸು 13, ಮೊದಲ ಕಾರಿನ ನಂಬರು ಡಿಎಲ್‌ಡಿ 13. ತಮಾಷೆಯ ಹೆಣ್ಣುಮಗಳು ಅಲ್ವಾ?

1942ರಲ್ಲಿ ದೆಹಲಿಗೆ ಹೋದ ಮೇಲೆ ಅವರ ಕೆಲಸ ನೋಡಬೇಕು. ಸೀರೆ ಉಟ್ಟು, ಭಾರದ ಕ್ಯಾಮೆರಾ ಹೊತ್ತು, ಸೈಕಲ್ ಮೇಲೆ ಊರೆಲ್ಲ ಸುತ್ತುತ್ತಿದ್ದರು. 1947ರ ಆಗಸ್ಟ್‌ನಲ್ಲಿ ಕೆಂಪುಕೋಟೆಯ ಬಾವುಟ, ಮೌಂಟ್‌ಬ್ಯಾಟನ್ ದೇಶ ಬಿಟ್ಟು ಹೊರಟದ್ದು, ಗಾಂಧೀಜಿಯ ಅಂತ್ಯಸಂಸ್ಕಾರ, ಪಾರಿವಾಳ ಹಾರಿಬಿಡುವ ನೆಹರು, ಎಲ್ಲವೂ ಅವರ ಕ್ಯಾಮೆರಾದಲ್ಲಿವೆ. ಗಾಂಧೀಜಿಯ ಹತ್ಯೆಯಾದ 1948ರ ಜನವರಿ 30ರಂದು, ಅದು ನಡೆದ ಬಿರ್ಲಾ ಭವನಕ್ಕೇ ಹೊರಟಿದ್ದವರು ಗಂಡ ಕರೆದರೆಂದು ಹಿಂದಿರುಗಿದ್ದರು. ಆ ಸಂಕಟ ಅವರನ್ನು ಕೊನೆವರೆಗೂ ಬಿಡಲಿಲ್ಲ.

1970ರಲ್ಲಿ, ಗಂಡ ತೀರಿಕೊಂಡ ಮರುವರ್ಷ, ಕ್ಯಾಮೆರಾ ಕೆಳಗಿಟ್ಟರು. ಹೊಸ ಫೋಟೊಗ್ರಾಫರುಗಳಿಗೆ ಶಿಸ್ತಿಲ್ಲ ಅನ್ನುವ ಬೇಸರವೂ ಇತ್ತು. ಈಗ ನಮ್ಮ ಸಿದ್ಧಾರೂಢ ಮಠದ ತೇರಿನ ದಿನ ಮೊಬೈಲ್ ಎತ್ತಿಕೊಂಡು ನುಗ್ಗುವವರನ್ನು ಕಂಡಿದ್ದರೆ ಏನನ್ನುತ್ತಿದ್ದರೋ! ಆಮೇಲೆ ವಡೋದರಾದಲ್ಲಿ ಸುಮ್ನೆ ತಮ್ಮ ಪಾಡಿಗೆ ಇದ್ದರು. ಪದ್ಮವಿಭೂಷಣ ಬಂದದ್ದು 2011ರಲ್ಲಿ. 2012ರ ಜನವರಿಯಲ್ಲಿ, 98ನೇ ವಯಸ್ಸಿಗೆ ಹೋಗಿಬಿಟ್ಟರು.

ನಮ್ಮ ಕಡೆ ಸಭೆ, ಧರಣಿ, ಜಾತ್ರೆ ಎಲ್ಲಿ ನೋಡಿದರೂ ಕ್ಯಾಮೆರಾ ಹಿಡಿದವರು ಗಂಡಸರೇ ಜಾಸ್ತಿ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುವ ಹುಡುಗಿಯರು ತರಬೇತಿಗೆ ಬಂದರೆ ಮಹಿಳಾ ದಿನದ ಲೇಖನ ಬರೆಸಿ ಕಳಿಸಬೇಡಿ. ಕ್ಯಾಮೆರಾ ಕೊಟ್ಟು ಅಮರಗೋಳದ ಎಪಿಎಂಸಿಗೋ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೋ ಕಳಿಸಿ. ಗದಗ, ಹಾವೇರಿಯ ಸಣ್ಣ ಸ್ಟುಡಿಯೊದವರು ಫೋಟೊ ಕಳಿಸಿದರೆ ಅವರ ಹೆಸರನ್ನೂ ಹಾಕಿ, ಒಂದಿಷ್ಟು ದುಡ್ಡನ್ನೂ ಕೊಡಿ.

ನಿಮ್ಮ ಓದುಗ,
ವಿದ್ಯಾನಗರ, ಹುಬ್ಬಳ್ಳಿ