ಹವಾಮಾನ ಹಿಂದೆಯೂ ಬದಲಾಗಿದೆ, ಆದರೆ ಇಷ್ಟು ಬೇಗ ಅಲ್ಲ

ಸಂಪಾದಕರಿಗೆ,
ಮಾನ್ಯರೇ,

ನಿಮ್ಮ ಪತ್ರಿಕೆಯಲ್ಲಿ ಬಂದ ಬಿಸಿಲು-ಮಳೆಯ ಲೇಖನಕ್ಕೆ ಓದುಗರೊಬ್ಬರು ಪ್ರತಿಕ್ರಿಯೆ ಬರೆದಿದ್ದಾರೆ. ‘ಭೂಮಿಯ ಹವಾಮಾನ ಮೊದಲಿನಿಂದಲೂ ಬದಲಾಗುತ್ತಲೇ ಬಂದಿದೆ, ಈಗ ಹೆದರುವಂಥದ್ದೇನೂ ಇಲ್ಲ’ ಎಂಬುದು ಅವರ ಮಾತು. ಈ ಮಾತನ್ನು ಗದುಗಿನ ಚಹಾದಂಗಡಿಯಲ್ಲೂ ಕೇಳಿದ್ದೇನೆ, ನಮ್ಮ ಶಿಕ್ಷಕರ ಕೊಠಡಿಯಲ್ಲೂ ಕೇಳಿದ್ದೇನೆ. ಅದರ ಮೊದಲರ್ಧ ಪೂರ್ತಿ ನಿಜ. ಉಳಿದರ್ಧ ತಪ್ಪು. ಮೊದಲರ್ಧವನ್ನು ಕಂಡುಹಿಡಿದವರೇ ಉಳಿದರ್ಧ ತಪ್ಪು ಅಂತಲೂ ಹೇಳುತ್ತಿದ್ದಾರೆ. ಅವರು ಭೂರಸಾಯನ ವಿಜ್ಞಾನಿಗಳು. ಕಲ್ಲು, ಮಣ್ಣು, ಹಿಮ, ಚಿಪ್ಪುಗಳಲ್ಲಿ ಉಳಿದ ಗುರುತು ಹಿಡಿದು ಹಳೇ ಕಾಲದ ಗಾಳಿ, ಮಳೆ, ಬಿಸಿಲಿನ ಲೆಕ್ಕ ಹಾಕುವವರು. ಅರ್ಧ ಮಾತು ಕೇಳಿ ಎದ್ದು ಹೋದರೆ ಅವರ ದುಡಿಮೆಗೆ ಅನ್ಯಾಯ ಮಾಡಿದಂತೆ.

ಅವರ ಕೆಲಸ ಎಂಥದ್ದು ಅಂತ ತಿಳಿಯಲು ದೂರ ಹೋಗಬೇಕಿಲ್ಲ. ರೋಣ, ನರಗುಂದ, ನವಲಗುಂದದ ಕಡೆ ಎರೆ ಹೊಲದಲ್ಲಿ ಹೊಸದಾಗಿ ಜೆಸಿಬಿ ಹಚ್ಚಿ ತೋಡಿದ ಕೃಷಿ ಹೊಂಡ ಸಿಕ್ಕರೆ, ನೀರು ತುಂಬುವ ಮೊದಲು ನಿಂತು ನೋಡಿ. ಮೇಲೆ ಬಿರುಕು ಬಿಟ್ಟ ಕರಿಮಣ್ಣು. ಕೆಳಗಿಳಿದಂತೆ ಗೋಡೆಯಲ್ಲಿ ಬಿಳಿ ಚುಕ್ಕೆ ಕಾಣಿಸುತ್ತವೆ. ಇನ್ನೂ ಕೆಳಗೆ ಕಡಲೆಕಾಳಿನ ಗಾತ್ರದ, ಕೆಲವು ಕಡೆ ಅಡಿಕೆ ಗಾತ್ರದ ಸುಣ್ಣದ ಹರಳು. ಒಂದನ್ನು ಕಿತ್ತು, ತೊಳೆದು, ಶಾಲೆಯ ಪ್ರಯೋಗಾಲಯದ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಬಿಡಿ. ಸುರ್ ಅಂತ ನೊರೆ ಏಳುತ್ತದೆ. ಆಮ್ಲ ಇಲ್ಲದಿದ್ದರೆ ನಿಂಬೆರಸವೂ ನಡೆಯುತ್ತದೆ, ನೊರೆ ಸ್ವಲ್ಪ ನಿಧಾನ, ಅಷ್ಟೇ. ಆ ಗುಳ್ಳೆಗಳಲ್ಲಿ ಇರುವುದು ಇಂಗಾಲದ ಡೈಆಕ್ಸೈಡ್.

ಅದು ಅಲ್ಲಿ ಸೇರಿದ್ದು ಹೇಗೆ? ಗಿಡದ ಬೇರು, ಮಣ್ಣಿನ ಸೂಕ್ಷ್ಮಜೀವಿಗಳು ಉಸಿರಾಡಿದಾಗ ಈ ಅನಿಲ ಮಣ್ಣಿನ ನೀರಿನಲ್ಲಿ ಕರಗುತ್ತದೆ. ಸವೆದ ಕಲ್ಲಿನಿಂದ ಬಂದ ಕ್ಯಾಲ್ಸಿಯಂ ಅಲ್ಲೇ ಇರುತ್ತದೆ. ಮಳೆಗಾಲ ಕಳೆದು ಮಣ್ಣು ಒಣಗಿದಾಗ ಎರಡೂ ಸೇರಿ ಸುಣ್ಣವಾಗಿ ಗಟ್ಟಿಯಾಗುತ್ತವೆ. ಆಗ ಆ ನೆಲದ ಮೇಲೆ ಏನು ಬೆಳೆದಿತ್ತು ಅನ್ನುವುದೂ ಆ ಸುಣ್ಣದಲ್ಲಿ ದಾಖಲಾಗುತ್ತದೆ. ಇಂಗಾಲದಲ್ಲಿ ಹಗುರದ್ದು ಒಂದು, ಇಂಗಾಲ 12. ತುಸು ಭಾರದ್ದು ಇನ್ನೊಂದು, ಇಂಗಾಲ 13. ಗಿಡಗಳಿಗೆ ಹಗುರದ್ದೇ ಇಷ್ಟ. ಆದರೆ ಬಿಳಿಜೋಳ, ಗೋವಿನಜೋಳ, ಕಬ್ಬು, ಬಿಸಿಲುನಾಡಿನ ಹುಲ್ಲುಗಳು ಭಾರದ್ದನ್ನೂ ಒಂದಷ್ಟು ತೆಗೆದುಕೊಳ್ಳುತ್ತವೆ. ಹತ್ತಿ, ಕಡಲೆ, ಗೋಧಿ, ಮೆಣಸಿನಗಿಡ, ಕಾಡಿನ ಮರಗಳು ಅಷ್ಟು ತೆಗೆದುಕೊಳ್ಳುವುದಿಲ್ಲ. ಹರಳಿನಲ್ಲಿ ಇವೆರಡರ ಪ್ರಮಾಣ ಅಳೆದರೆ ಅಲ್ಲಿ ಹುಲ್ಲುಗಾವಲು ಇತ್ತೋ, ಮರಗಳ ಕಾಡಿತ್ತೋ ಗೊತ್ತಾಗುತ್ತದೆ. ವಿಜ್ಞಾನಿಗಳಾದ ಜೇ ಕ್ವೇಡ್, ಥ್ಯೂರ್ ಸರ್ಲಿಂಗ್ ಮತ್ತವರ ಜೊತೆಗಾರರು ಪಾಕಿಸ್ತಾನದ ಉತ್ತರ ಭಾಗದ ಶಿವಾಲಿಕ್ ಬೆಟ್ಟಗಳ ಹಳೇ ಮಣ್ಣಿನ ಪದರಗಳಲ್ಲಿ ಇದನ್ನೇ ಮಾಡಿ 1989ರಲ್ಲಿ ಪ್ರಕಟಿಸಿದರು. ಸುಮಾರು 70-80 ಲಕ್ಷ ವರ್ಷಗಳ ಹಿಂದೆ ಅಲ್ಲಿ ಕಾಡು ಹೋಗಿ ಹುಲ್ಲು ಹಬ್ಬಿತ್ತು. ಎಲ್ಲ ಹರಳೂ ಇಂಥ ಕೆಲಸಕ್ಕೆ ಬರುವುದಿಲ್ಲ, ಹಳೇ ಸುಣ್ಣಕಲ್ಲಿನ ಚೂರು ಬೆರೆತಿದ್ದರೆ ಲೆಕ್ಕ ಕೆಡುತ್ತದೆ. ಆರಿಸುವುದರಲ್ಲೇ ಅರ್ಧ ವಿದ್ಯೆ ಇದೆ.

ಇಂಥ ದಾಖಲೆಗಳು ಇನ್ನೂ ಎಷ್ಟೋ ಇವೆ. ಕಡಲಜೀವಿಗಳ ಚಿಪ್ಪಿನಲ್ಲಿರುವ ಹಗುರದ, ಭಾರದ ಆಮ್ಲಜನಕದ ಪ್ರಮಾಣದಿಂದ ಆಗಿನ ಸಮುದ್ರ ಎಷ್ಟು ಬೆಚ್ಚಗಿತ್ತು ಅಂತ ತಿಳಿಯಬಹುದು ಎಂದು ಹೆರಾಲ್ಡ್ ಯೂರಿ 1947ರಲ್ಲೇ ತೋರಿಸಿದರು. ಮೇಘಾಲಯದ ಮಾಮ್ಲು ಗುಹೆಯ ಸುಣ್ಣದ ಕಂಬದಲ್ಲಿ 4200 ವರ್ಷಗಳ ಹಿಂದೆ ಮುಂಗಾರು ಸೊರಗಿದ್ದರ ಗುರುತಿದೆ. 2018ರಲ್ಲಿ ಭೂವಿಜ್ಞಾನಿಗಳು ಅಲ್ಲಿಂದ ಈಚಿನ ಕಾಲಕ್ಕೆ ಮೇಘಾಲಯದ ಹೆಸರನ್ನೇ ಇಟ್ಟರು. ನಮ್ಮ ಕಪ್ಪತಗುಡ್ಡದ ಪಟ್ಟೆ ಪಟ್ಟೆ ಕಬ್ಬಿಣದ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು, ಗಾಳಿಯಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಇಲ್ಲದ ಕಾಲದ್ದು. (ನೋಡಲು ಹೋದವರು ದಯವಿಟ್ಟು ಕಲ್ಲು ಹೊತ್ತು ತರಬೇಡಿ, ಅದು 2019ರಿಂದ ವನ್ಯಜೀವಿ ಧಾಮ.)

ಈಗ ಆ ಓದುಗರ ಮಾತಿಗೆ ಬರುತ್ತೇನೆ. ಅಂಟಾರ್ಕ್ಟಿಕಾದ ಹಿಮ ಕೊರೆದು ಒಳಗಿನ ಗಾಳಿಗುಳ್ಳೆ ಅಳೆದಿದ್ದಾರೆ. 8 ಲಕ್ಷ ವರ್ಷಗಳ ಲೆಕ್ಕ ಸಿಕ್ಕಿದೆ. ಅಷ್ಟೂ ಕಾಲ, ಭೂಮಿಯ ಶಾಖ ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 180ರಿಂದ 300ರ ಒಳಗೇ ಏರಿಳಿದಿದೆ. ಕೊನೆಯ ಹಿಮಯುಗ ಮುಗಿಯುವಾಗ ಅದು ಸುಮಾರು 80 ಪಾಲು ಏರಿತು. ಅದಕ್ಕೆ ಆರೇಳು ಸಾವಿರ ವರ್ಷ ಹಿಡಿಯಿತು. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರು ಮಾಡಿದಾಗ 315ರ ಆಸುಪಾಸಿನಲ್ಲಿತ್ತು. ಈಗ 420 ದಾಟಿದೆ. ಅಂದರೆ 100ಕ್ಕೂ ಜಾಸ್ತಿ ಏರಿಕೆ, ಅದೂ ನಮ್ಮ ಅಪ್ಪ-ಅವ್ವ ಕಂಡ ಕಾಲದೊಳಗೇ.

ಇನ್ನೂ ಹಿಂದೆ ಹೋಗೋಣ. ಡೈನೋಸಾರ್ ಕಾಲದಲ್ಲಿ ಈ ಅನಿಲ ಇವತ್ತಿಗಿಂತ ಜಾಸ್ತಿ ಇತ್ತು, ಒಪ್ಪುತ್ತೇನೆ. ಆಗ ಕಡಲ ಮಟ್ಟವೂ ಬಹಳ ಎತ್ತರದಲ್ಲಿತ್ತು. ಮುಂಬೈ ಇರಲಿಲ್ಲ, ಮಂಗಳೂರು ಇರಲಿಲ್ಲ, ಜೋಳ ಬಿತ್ತುವ ರೈತನೂ ಇರಲಿಲ್ಲ. ನಾವು ಹೋಲಿಸಿ ನೋಡಬೇಕಾದದ್ದು 5.6 ಕೋಟಿ ವರ್ಷಗಳ ಹಿಂದಿನ ಘಟನೆಯನ್ನು. ಆಗ ಭಾರಿ ಪ್ರಮಾಣದ ಇಂಗಾಲ ಗಾಳಿಗೆ, ಕಡಲಿಗೆ ಸೇರಿತು. ಭೂಮಿ ಐದಾರು ಡಿಗ್ರಿ ಬಿಸಿಯಾಯಿತು. ಕಡಲ ನೀರು ಆಮ್ಲೀಯವಾಯಿತು, ಆಳದಲ್ಲಿದ್ದ ಎಷ್ಟೋ ಸಣ್ಣ ಚಿಪ್ಪುಜೀವಿಗಳು ಅಳಿದೇ ಹೋದವು. ಇದೆಲ್ಲ ನಡೆದದ್ದು ಸಾವಿರಾರು ವರ್ಷಗಳಲ್ಲಿ. ಮತ್ತೆ ಮೊದಲಿನ ಸ್ಥಿತಿಗೆ ಬರಲು ಲಕ್ಷಕ್ಕೂ ಹೆಚ್ಚು ವರ್ಷ ಬೇಕಾಯಿತು. ಇವತ್ತು ನಾವು ವರ್ಷಕ್ಕೆ ಗಾಳಿಗೆ ಬಿಡುತ್ತಿರುವ ಇಂಗಾಲ, ಆಗ ವರ್ಷಕ್ಕೆ ಸೇರುತ್ತಿದ್ದುದರ ಸುಮಾರು 10 ಪಟ್ಟು ಎಂದು ವಿಜ್ಞಾನಿಗಳ ಅಂದಾಜು.

ಹಾಗಾದರೆ ಭೂಮಿ ತಾನೇ ಸರಿಮಾಡಿಕೊಳ್ಳುವುದಿಲ್ಲವೇ? ಮಾಡಿಕೊಳ್ಳುತ್ತದೆ. ಮಳೆನೀರು ಗಾಳಿಯ ಇಂಗಾಲ ಹೊತ್ತು ಗುಡ್ಡದ ಕಲ್ಲನ್ನು ಕರಗಿಸುತ್ತದೆ, ಹೊಳೆ ಅದನ್ನು ಕಡಲಿಗೆ ಒಯ್ಯುತ್ತದೆ, ಅಲ್ಲಿ ಅದು ಚಿಪ್ಪಾಗಿ, ಸುಣ್ಣಕಲ್ಲಾಗಿ ತಳ ಸೇರುತ್ತದೆ. ಬಿಸಿ ಹೆಚ್ಚಾದಂತೆ ಈ ಕೆಲಸ ಚುರುಕಾಗುತ್ತದೆ. ಆದರೂ ಅದಕ್ಕೆ ಲಕ್ಷಗಟ್ಟಲೆ ವರ್ಷ ಬೇಕು. ಹಂಗಾಮಿನಲ್ಲಿ ಬ್ಯಾಡಗಿ ಮಾರ್ಕೆಟ್ಟಿಗೆ ಲಾರಿ ಮೇಲೆ ಲಾರಿ ಬಂದು ನಿಂತಾಗ ಒಬ್ಬನೇ ಹಮಾಲ ಎಲ್ಲ ಚೀಲ ಇಳಿಸಬೇಕೆಂದರೆ ಏನಾದೀತು? ಅವನು ಮೈಗಳ್ಳ ಅಲ್ಲ. ಲಾರಿಗಳೇ ಜಾಸ್ತಿ.

ಈಗ ಗಾಳಿಯಲ್ಲಿ ಹೆಚ್ಚಾಗಿರುವ ಇಂಗಾಲ ಜ್ವಾಲಾಮುಖಿಯಿಂದ ಬಂದದ್ದಿರಬಹುದು ಅನ್ನುವವರೂ ಇದ್ದಾರೆ. ಜ್ವಾಲಾಮುಖಿಗಳು ವರ್ಷಕ್ಕೆ ಬಿಡುವುದು ನಾವು ಬಿಡುವುದರ ನೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಅದಕ್ಕೂ ಗಟ್ಟಿ ಸಾಕ್ಷಿ ಇಂಗಾಲದಲ್ಲೇ ಇದೆ. ಕಲ್ಲಿದ್ದಲು, ಪೆಟ್ರೋಲು ಹಳೇ ಜೀವಿಗಳಿಂದ ಆದವು. ಹಾಗಾಗಿ ಅವುಗಳಲ್ಲಿ ಭಾರದ ಇಂಗಾಲ ಕಡಿಮೆ. ವಿಕಿರಣ ಸೂಸುವ ಇಂಗಾಲ 14 ಅಂತೂ ಇಲ್ಲವೇ ಇಲ್ಲ. ಅವನ್ನು ಸುಟ್ಟಷ್ಟೂ ಗಾಳಿಯ ಇಂಗಾಲ ಹಗುರವಾಗಬೇಕು ಅಲ್ವಾ? ಆಗುತ್ತಿದೆ. ಹ್ಯಾನ್ಸ್ ಸೂಸ್ ಇದರ ಮೊದಲ ಗುರುತನ್ನು ಮರದ ಉಂಗುರಗಳಲ್ಲಿ 1955ರಲ್ಲೇ ಕಂಡರು. ಎರೆ ಮಣ್ಣಿನ ಹರಳು ಓದುವ ಅದೇ ವಿದ್ಯೆ ಇಲ್ಲಿಯೂ ಸಾಕ್ಷಿ ಹೇಳುತ್ತದೆ.

2019ರಲ್ಲಿ ಮಲಪ್ರಭಾ ಉಕ್ಕಿ ಕೊಣ್ಣೂರು ಮುಳುಗಿತು, 2023ರಲ್ಲಿ ಬರ ಬಂತು. ಒಂದು ನೆರೆ, ಒಂದು ಬರ ತೋರಿಸಿ ಎಲ್ಲಕ್ಕೂ ಇದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಮಳೆಯನ್ನೇ ನಂಬಿದ ನಮ್ಮ ಜಿಲ್ಲೆಗಳಲ್ಲಿ ‘ಹೆದರಬೇಕಿಲ್ಲ’ ಅಂತ ಸುಮ್ನೆ ಹೇಳಿಬಿಡುವುದು ರೈತರಿಗೆ ಮಾಡುವ ಮೋಸ.

ಶಾಲೆಯಲ್ಲಿ ಇಂಗಾಲದ ಚಕ್ರ ಪಾಠ ಮಾಡುವಾಗ ನಾವು ಬೋರ್ಡಿನ ಮೇಲೆ ಬಾಣ ಬಿಡಿಸುತ್ತೇವೆ, ಬಾಣದ ಪಕ್ಕ ಕಾಲ ಬರೆಯುವುದಿಲ್ಲ. ಬೆಳೆಯ ಬಾಣಕ್ಕೆ ಒಂದು ಹಂಗಾಮು, ಕಲ್ಲಿನ ಬಾಣಕ್ಕೆ ಲಕ್ಷಾಂತರ ವರ್ಷ ಅಂತ ಬರೆದರೆ ಮಕ್ಕಳಿಗೆ ವ್ಯತ್ಯಾಸ ತಕ್ಷಣ ಹೊಳೆಯುತ್ತದೆ. ಸಹೋದ್ಯೋಗಿ ಶಿಕ್ಷಕರು ಇದನ್ನು ಮಾಡಿ ನೋಡಬೇಕು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗವಿದೆ, ಕೃಷಿ ವಿಶ್ವವಿದ್ಯಾಲಯದಲ್ಲಿ ಮಣ್ಣು ಬಲ್ಲವರಿದ್ದಾರೆ. ಈ ಮಣ್ಣು, ಈ ಗುಡ್ಡದ ಬಗ್ಗೆ ಅವರಿಂದ ಕನ್ನಡದಲ್ಲಿ ಬರೆಸಿ, ವಾರಕ್ಕೊಮ್ಮೆ ಅರ್ಧ ಪುಟ ಜಾಗ ಕೊಡಿ ಎಂದು ತಮ್ಮಲ್ಲಿ ಕೇಳಿಕೊಳ್ಳುತ್ತೇನೆ.

ಇಂತಿ,
ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ, ಗದಗ